ಸಿಗದ ನಿಯಾನ್: ಇಟೊಕಾವಾದ ಮೂರು ಕಣಗಳ ಪ್ರಕರಣ

2011ರ ಆಗಸ್ಟಿನಲ್ಲಿ ಜಪಾನಿನ ಕೈಸುಕೆ ನಾಗಾವೊ ಮತ್ತು ಅವರ ಜೊತೆಗಾರರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಅವರು ಅಳೆದದ್ದು ಮೂರೇ ಮೂರು ಕಲ್ಲಿನ ಕಣ. ಒಂದೊಂದೂ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದ ಆಸುಪಾಸು. ಆಡಿದ ಮಾತು ಮಾತ್ರ ಭಾರಿ ದೊಡ್ಡದು. ಅರ್ಧ ಕಿಲೋಮೀಟರ್ ಉದ್ದದ ಇಟೊಕಾವಾ ಎಂಬ ಕ್ಷುದ್ರಗ್ರಹ ಪ್ರತಿ 10 ಲಕ್ಷ ವರ್ಷಕ್ಕೆ ಹತ್ತಾರು ಸೆಂಟಿಮೀಟರ್ ಸವೆದು ಬಾಹ್ಯಾಕಾಶಕ್ಕೆ ಹೋಗುತ್ತಿದೆ, ಅದರ ಆಯುಸ್ಸು ಸೌರವ್ಯೂಹದ ವಯಸ್ಸಿಗಿಂತ ತುಂಬಾ ಕಡಿಮೆ ಇರಬೇಕು ಎಂದು.

ಕಾಸರಗೋಡಿನ ಬದಿಯಡ್ಕದ ಹತ್ತಿರ ನಾವು ಒಂದಷ್ಟು ಜನ ಭಾನುವಾರ ಸೇರುವ ವಿಜ್ಞಾನ ಕೂಟವಿದೆ. ಕನ್ನಡ ಮಾಧ್ಯಮದ ಮಾಸ್ಟ್ರುಗಳು, ಟೀಚರುಗಳು, ಪ್ಲಸ್ ಟು ಮಕ್ಕಳು, ಒಂದಿಬ್ಬರು ಅಡಿಕೆ ಕೃಷಿಕರು. ಮನೆಯಲ್ಲಿ ತುಳುವೋ ಹವ್ಯಕವೋ, ಬಸ್ಸಿನಲ್ಲಿ ಮಲಯಾಳ, ಇಲ್ಲಿ ಕನ್ನಡ. ಒಂದು ಸಲಕ್ಕೆ ಒಂದೇ ಪ್ರಕರಣ ತೆಗೆದುಕೊಂಡು ಬಿಡಿಸಿ ನೋಡುವುದು ನಮ್ಮ ಪದ್ಧತಿ. ಈ ಮೂರು ಕಣಗಳನ್ನು ಆರಿಸಲು ಒಂದು ಕಾರಣ ಇತ್ತು. ಇದರಲ್ಲಿ ದೊಡ್ಡ ತೀರ್ಮಾನ ಬಂದದ್ದು ಏನೋ ಸಿಕ್ಕಿತು ಎಂಬುದರಿಂದ ಅಲ್ಲ, ಸಿಗಬೇಕಾದದ್ದು ಸಿಗಲಿಲ್ಲ ಎಂಬುದರಿಂದ. ಸಿಗಲಿಲ್ಲ ಎಂಬುದರ ಮೇಲೆ ಎಷ್ಟು ಭಾರ ಹೇರಬಹುದು? ಚರ್ಚೆಯೆಲ್ಲ ಇದರ ಸುತ್ತಲೇ ತಿರುಗಿತು.

ಕಣ ಬಂದ ದಾರಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಈ ಕಣಗಳನ್ನು ತಂದ ಜಪಾನಿನ ಹಯಬುಸಾ ನೌಕೆಯ ಸಾಹಸ ಬಹಳ ಕಡೆ ಬಂದಿದೆ. 2003ರ ಮೇ ತಿಂಗಳಲ್ಲಿ ಹಾರಿತು. 2005ರ ಸೆಪ್ಟೆಂಬರಿನಲ್ಲಿ ಇಟೊಕಾವಾ ತಲುಪಿತು. ನವೆಂಬರಿನಲ್ಲಿ ಎರಡು ಸಲ ನೆಲ ಮುಟ್ಟಿತು. ಆಮೇಲೆ ಇಂಧನ ಸೋರಿತು, ಸಂಪರ್ಕ ಕಡಿಯಿತು, ಮತ್ತೆ ಸಿಕ್ಕಿತು. ಕುಂಟುತ್ತಾ ಬಂದು 2010ರ ಜೂನ್ 13ರಂದು ಆಸ್ಟ್ರೇಲಿಯಾದ ವೂಮೆರಾ ಮರುಭೂಮಿಯಲ್ಲಿ ತನ್ನ ಡಬ್ಬಿ ಇಳಿಸಿತು.

ನಮ್ಮ ಪ್ರಕರಣಕ್ಕೆ ಬೇಕಾದ ವಿಷಯ ಒಂದೇ. ನೆಲ ಮುಟ್ಟಿದಾಗ ಟ್ಯಾಂಟಲಂ ಗುಂಡು ಹಾರಿಸಿ, ಚಿಮ್ಮಿದ ಕಲ್ಲಿನ ಚೂರುಗಳನ್ನು ಹಿಡಿಯಬೇಕು ಎಂಬುದು ಯೋಜನೆ. ಗುಂಡು ಹಾರಲಿಲ್ಲ. ನೌಕೆ ತಾಗಿದ ರಭಸಕ್ಕೆ ಎದ್ದ ಧೂಳಷ್ಟೇ ಒಳಗೆ ಹೋಯಿತು. ಡಬ್ಬಿ ತೆರೆದಾಗ ಬರಿಗಣ್ಣಿಗೆ ಏನೂ ಇಲ್ಲ ಅನ್ನುವ ಸ್ಥಿತಿ. ಟೆಫ್ಲಾನಿನ ಪುಟ್ಟ ಸೌಟಿನಿಂದ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಪಾತ್ರೆಯನ್ನು ತಲೆಕೆಳಗು ಮಾಡಿ, ಹೊರಗಿನಿಂದ ತಟ್ಟಿ, ಬಿದ್ದದ್ದನ್ನು ಸ್ಫಟಿಕದ ತಟ್ಟೆಯ ಮೇಲೆ ಹಿಡಿದರು. ಒಟ್ಟು 1500ಕ್ಕೂ ಹೆಚ್ಚು ಕಣ ಸಿಕ್ಕಿತು. ಹೆಚ್ಚಿನವು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಚಿಕ್ಕವು.

ಹಾಗಾಗಿ ಇವು ಇಟೊಕಾವಾದ ತೀರಾ ಮೇಲಿನ, ತೀರಾ ಸಡಿಲ ಧೂಳು. ಅದೂ ಮ್ಯೂಸಸ್ ಸಮುದ್ರ ಎಂದು ಕರೆಯುವ ನುಣುಪು ಬಯಲಿನದು. ಉಳಿದ ಕಡೆ ಬಂಡೆ ಹಾಸಿಕೊಂಡ ಒರಟು ಮೇಲ್ಮೈ ಇದೆ, ಅಲ್ಲಿಂದ ಏನೂ ಬಂದಿಲ್ಲ. ಇದು ಮುಂದೆ ಲೆಕ್ಕಕ್ಕೆ ಬರುತ್ತದೆ.

ಮೂರು ಆಳ, ಮೂರು ಗಡಿಯಾರ

ಗಾಳಿ ಇಲ್ಲದ ಕಡೆ ಬಿದ್ದಿರುವ ಕಲ್ಲಿಗೆ ಎರಡು ಕಡೆಯಿಂದ ಏಟು ಬೀಳುತ್ತದೆ. ಒಂದು ಸೂರ್ಯನಿಂದ. ಸೌರಗಾಳಿಯ ಕಣಗಳು ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಬಂದು ಕಲ್ಲಿನಲ್ಲಿ ಹುದುಗಿಕೊಳ್ಳುತ್ತವೆ. ಆದರೆ ಅವು ಇಳಿಯುವುದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದಷ್ಟು ಆಳಕ್ಕೂ ಇಲ್ಲ. ಸೂರ್ಯ ಸಿಡಿದಾಗ ಬರುವ ಕಣಗಳು ಇನ್ನೂ ಜೋರು, ಅವು ಮಿಲಿಮೀಟರುಗಳಿಂದ ಸೆಂಟಿಮೀಟರುಗಳ ತನಕ ಹೋಗುತ್ತವೆ. ಎರಡನೆಯದು ಸೌರವ್ಯೂಹದ ಆಚೆಯಿಂದ ಬರುವ ಕಾಸ್ಮಿಕ್ ಕಿರಣ. ಅದು ಒಂದು ಮೀಟರ್, ಅದಕ್ಕಿಂತ ಸ್ವಲ್ಪ ಜಾಸ್ತಿ ಕಲ್ಲಿನೊಳಗೂ ನುಗ್ಗಿ ಕೆಲಸ ಮಾಡುತ್ತದೆ.

ಏನು ಕೆಲಸ? ಪರಮಾಣುವಿನ ನಡುವಿನ ಬೀಜಕ್ಕೇ (ನ್ಯೂಕ್ಲಿಯಸ್) ಬಡಿದು ಒಡೆಯುವ ಕೆಲಸ. ಕಲ್ಲಿನಲ್ಲಿರುವ ಮೆಗ್ನೀಷಿಯಂ, ಸಿಲಿಕಾನ್ ಇತ್ಯಾದಿ ಒಡೆದಾಗ ಹುಟ್ಟುವ ಚೂರುಗಳಲ್ಲಿ ನಿಯಾನ್ ಒಂದು. ನಿಯಾನಿನಲ್ಲಿ ಪರಮಾಣುವಿನ ತೂಕದ ಪ್ರಕಾರ ಮೂರು ಬಗೆ: 20, 21, 22. ನಾವು ಉಸಿರಾಡುವ ಗಾಳಿಯ ನಿಯಾನಿನಲ್ಲಿ 20ರ ಪಾಲು ನೂರಕ್ಕೆ 90, 22ರದ್ದು ಸುಮಾರು 9, ನಿಯಾನ್-21 ಮಾತ್ರ ನೂರಕ್ಕೆ 0.27. ಸೌರಗಾಳಿಯಲ್ಲೂ 21 ಹೀಗೇ ತೀರಾ ಅಪರೂಪ. ಆದರೆ ಕಾಸ್ಮಿಕ್ ಕಿರಣ ಒಡೆದು ಹುಟ್ಟಿಸುವಾಗ ಮೂರೂ ಹೆಚ್ಚುಕಡಿಮೆ ಸಮಪಾಲು. ಕಲ್ಲಿನಲ್ಲಿ ನಿಯಾನ್-21 ಇರಬೇಕಾದ್ದಕ್ಕಿಂತ ಜಾಸ್ತಿ ಕಂಡರೆ ಆ ಹೆಚ್ಚುವರಿ ಪಾಲು ಕಾಸ್ಮಿಕ್ ಕಿರಣದ್ದು. ವರ್ಷಕ್ಕೆ ಎಷ್ಟು ಹುಟ್ಟುತ್ತದೆ ಎಂಬ ದರ ಗೊತ್ತಿದೆ. ಭಾಗಿಸಿದರೆ ಕಲ್ಲು ಮೇಲಿನ ಒಂದು ಮೀಟರಿನೊಳಗೆ ಎಷ್ಟು ಕಾಲ ಇತ್ತು ಎಂದು ಸಿಗುತ್ತದೆ.

ಇಲ್ಲಿ ಪ್ಲಸ್ ಟು ಹುಡುಗಿಯೊಬ್ಬಳು ಕೇಳಿದಳು: ‘ಹಾಗಾದ್ರೆ ನಮ್ಮ ಮುರಕಲ್ಲಲ್ಲೂ ಆಗ್ತಾ ಇರ್ಬೇಕಲ್ಲ?’ ಆಗುತ್ತದೆ, ಆದರೆ ತುಂಬಾ ನಿಧಾನ. ನಮ್ಮ ತಲೆ ಮೇಲಿನ ಗಾಳಿಯ ತೂಕ ಹತ್ತು ಮೀಟರ್ ನೀರಿನಷ್ಟು. ಅಷ್ಟು ದಾಟಿ ಬರುವಾಗ ಒಡೆಯುವ ಶಕ್ತಿ ಬಹುಪಾಲು ಮುಗಿದಿರುತ್ತದೆ. ಸಮುದ್ರ ಮಟ್ಟದಲ್ಲಿ ಒಂದು ಗ್ರಾಂ ಬೆಣಚುಕಲ್ಲಿನಲ್ಲಿ ಇದೇ ರೀತಿಯ ಇನ್ನೊಂದು ಚೂರಾದ ಬೆರಿಲಿಯಂ-10 ಹುಟ್ಟುವುದು ವರ್ಷಕ್ಕೆ ಬೆರಳೆಣಿಕೆಯ ಪರಮಾಣು. ಅಷ್ಟನ್ನೂ ಅಳೆಯುತ್ತಾರೆ, ಅದರಿಂದ ಗುಡ್ಡ ಎಷ್ಟು ವೇಗವಾಗಿ ಸವೆಯುತ್ತಿದೆ ಎಂದು ಲೆಕ್ಕ ಹಾಕುತ್ತಾರೆ. ಕಡಿಮೆ ಸಿಕ್ಕಿತು ಅಂದರೆ ಮೇಲಿನ ಪದರ ಬೇಗ ಬೇಗ ಹೋಗಿ ಹೊಸದು ತೆರೆದುಕೊಳ್ಳುತ್ತಿದೆ ಎಂದು ಅರ್ಥ. ನಾಗಾವೊ ತಂಡ ಇಟೊಕಾವಾದ ಮೇಲೆ ಓಡಿಸಿದ್ದೂ ಇದೇ ತರ್ಕ.

ಆಳದ ಮಾತು ಬಂದಾಗ ಎಣ್ಮಕಜೆ, ಪೈವಳಿಕೆ ಕಡೆಯ ಸುರಂಗಗಳ ನೆನಪಾಯಿತು. ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಆ ಸುರಂಗದ ತುದಿಯಲ್ಲಿ ನಿಂತರೆ ಪರಮಾಣು ಒಡೆಯುವ ಕಣಗಳು ಹತ್ತಿರ ಹತ್ತಿರ ಇಲ್ಲವೇ ಇಲ್ಲ. ಕಾಸ್ಮಿಕ್ ಕಿರಣ ಗಾಳಿಗೆ ಬಡಿದಾಗ ಹುಟ್ಟುವ ಮ್ಯೂವಾನ್ ಎಂಬ ಕಣಗಳು ಮಾತ್ರ ಅಲ್ಲೂ ಬರುತ್ತವೆ. ಅವುಗಳ ಹಟ ಬೇರೆ. ಕೋಲಾರದ ಚಿನ್ನದ ಗಣಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಕಿಲೋಮೀಟರುಗಳ ಆಳದ ತನಕ ಅವುಗಳ ಬೆನ್ನು ಹತ್ತಿದ್ದರು. ಅದೇ ಗಣಿಯಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೊ ಸಿಕ್ಕಿದ್ದು. ಆ ಕಥೆಗೆ ಇನ್ನೊಂದು ಭಾನುವಾರ ಬೇಕು.

ಕಣದೊಳಗೆ ಏನಿತ್ತು

ಮೂರು ಕಣಗಳನ್ನೂ ಒಂದೊಂದಾಗಿ ಲೇಸರಿನಿಂದ ಬಿಸಿ ಮಾಡಿದರು. ಒಮ್ಮೆಲೇ ಅಲ್ಲ, ಹಂತ ಹಂತವಾಗಿ. ಮೊದಲು ಮೇಲುಪದರದ ಅನಿಲ ಬಿಡುತ್ತದೆ, ಶಾಖ ಏರಿದಂತೆ ಒಳಗಿನದ್ದು. ಪ್ರತಿ ಹಂತದ ಅನಿಲವನ್ನೂ ದ್ರವ್ಯರಾಶಿ ಅಳೆಯುವ ಯಂತ್ರಕ್ಕೆ ಬಿಟ್ಟು ಹೀಲಿಯಂ, ನಿಯಾನ್, ಆರ್ಗಾನ್ ಎಣಿಸಿದರು.

ಧಾರಾಳವಾಗಿ ಸಿಕ್ಕಿದ್ದು ಸೂರ್ಯನ ಅನಿಲ. ಇವು ನಿಜವಾಗಿಯೂ ಕ್ಷುದ್ರಗ್ರಹದ ಮೇಲ್ಮೈ ಧೂಳೇ, ದಾರಿಯಲ್ಲಿ ಸೇರಿಕೊಂಡ ಕೊಳೆ ಅಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ. ಉಲ್ಕಾಶಿಲೆಗಳಲ್ಲಿ ಇಂಥ ಪದರ ನೋಡುವುದು ಕಷ್ಟ. ಅವು ನಮ್ಮ ಗಾಳಿಯಲ್ಲಿ ಉರಿಯುತ್ತಾ ಬರುವಾಗ ಹೊರಮೈ ಕರಗಿಹೋಗಿರುತ್ತದೆ. ಮಾದರಿಯನ್ನು ಡಬ್ಬಿಯಲ್ಲಿ ಹಾಕಿ ತರುವುದಕ್ಕೆ ಇಷ್ಟು ಖರ್ಚು ಮಾಡುವುದು ಸುಮ್ನೆ ಅಲ್ಲ.

ಆದರೆ ಲೆಕ್ಕದಲ್ಲಿ ಒಂದು ವಿಚಿತ್ರ ಇತ್ತು. ನಿಯಾನಿಗೆ ಹೋಲಿಸಿದರೆ ಹೀಲಿಯಂ ಕಡಿಮೆ. ಸೌರಗಾಳಿಯಲ್ಲಿ ಎಲ್ಲ ಕಣಗಳ ವೇಗವೂ ಸುಮಾರು ಒಂದೇ. ಹಾಗಾಗಿ ಭಾರದ ನಿಯಾನ್ ಸ್ವಲ್ಪ ಆಳಕ್ಕೆ ಇಳಿಯುತ್ತದೆ, ಹಗುರದ ಹೀಲಿಯಂ ಮೇಲೇ ಉಳಿಯುತ್ತದೆ. ಮೇಲಿನ ಸಿಪ್ಪೆ ಉಜ್ಜಿಹೋದರೆ ಮೊದಲು ನಷ್ಟವಾಗುವುದು ಹೀಲಿಯಂ. ಅಂದರೆ ಈ ಕಣಗಳು ಒಂದಕ್ಕೊಂದು ತಿಕ್ಕಿಕೊಂಡಿವೆ. ಬಿಸಿಲಿಗೆ ಬಂದಿವೆ, ಅಡಿಗೆ ಹೋಗಿವೆ, ಉಜ್ಜಿಸಿಕೊಂಡಿವೆ, ಮತ್ತೆ ಮೇಲೆ ಬಂದಿವೆ. ಅದೇ ವರ್ಷ ಕಣಗಳ ಆಕಾರ ನೋಡಿದ ಇನ್ನೊಂದು ತಂಡವೂ ಕೆಲವು ಕಣಗಳ ಅಂಚು ದುಂಡಗಾಗಿದೆ ಎಂದಿತು. ಗಾಳಿ ಇಲ್ಲ, ನೀರಿಲ್ಲ, ಆದರೂ ಅಂಚು ಸವೆದಿದೆ. ಸಣ್ಣ ಉಲ್ಕೆ ಬಡಿದಾಗ ಇಡೀ ಇಟೊಕಾವಾ ಅದುರುತ್ತದೆ, ಜಲ್ಲಿ ಸರಿದಾಡುತ್ತದೆ, ಅದರಿಂದ ಹೀಗಾಗಿದೆ ಎಂಬುದು ಅವರ ವಿವರಣೆ.

ಇದನ್ನು ಅಡಿಕೆ ಕೃಷಿಕರಿಗೆ ಹೇಳಿಕೊಡಬೇಕಾಗಲಿಲ್ಲ. ಅಂಗಳದಲ್ಲಿ ಹರವಿದ ಹಣ್ಣಡಿಕೆಯಲ್ಲಿ ಒಂದನ್ನು ಎತ್ತಿ ನೋಡಿದರೆ ಸಾಕು, ಇದು ಮಗುಚಿದ್ದೋ, ಒಂದೇ ಮಗ್ಗುಲಿಗೆ ಬಿಸಿಲು ತಿಂದದ್ದೋ ಅವರಿಗೆ ಗೊತ್ತಾಗುತ್ತದೆ. ರಾಶಿಯ ಅಡಿಯಲ್ಲಿದ್ದದ್ದು ಯಾವುದು ಎಂದೂ ಹೇಳುತ್ತಾರೆ. ಕಣದ ಎಲ್ಲ ಬದಿಗೂ ಸೌರಗಾಳಿಯ ಗುರುತಿದ್ದರೆ ಅದು ಮಗುಚಿ ಬಿದ್ದಿದೆ ಎಂದೇ ಅರ್ಥ.

ಕಣಗಳಲ್ಲಿರುವ ಸೌರ ಅನಿಲ ತುಂಬಲು ಬೇಕಾದದ್ದು ಕೆಲವು ನೂರು ವರ್ಷದ ಬಿಸಿಲಷ್ಟೇ. ಅಂದರೆ ತೀರಾ ಮೇಲೆ ಬಂದು ಸೂರ್ಯನಿಗೆ ಮುಖ ಕೊಟ್ಟ ಕಾಲ ಬಲು ಕಡಿಮೆ. ಉಳಿದ ಹೊತ್ತು ಅಡಿಯಲ್ಲಿ. ಆದರೆ ಎಷ್ಟು ಅಡಿಯಲ್ಲಿ, ಎಷ್ಟು ಕಾಲ? ಇದಕ್ಕೆ ಉತ್ತರ ಕೊಡಬೇಕಾದದ್ದು ನಿಯಾನ್-21.

ಅದು ಎದ್ದು ಕಾಣುವ ಹಾಗೆ ಸಿಗಲಿಲ್ಲ. ಬಂದ ನಿಯಾನೆಲ್ಲ ಸೂರ್ಯನದ್ದು ಎಂದರೂ ಲೆಕ್ಕ ಸರಿಹೋಗುತ್ತಿತ್ತು.

‘ಇಲ್ಲ ಅಂತವಾ, ಕಾಣ್ಲಿಲ್ಲ ಅಂತವಾ?’

ಕೂಟದ ಹಿರಿಯ ಕೃಷಿಕರೊಬ್ಬರು ಇಲ್ಲಿ ತಡೆದರು. ‘ಸಿಕ್ಕಲಿಲ್ಲ ಅಂದ್ರೆ ಎಂತ? ಅದು ಇಲ್ಲ ಅಂತವಾ, ಇವರ ಮಿಷನಿಗೆ ಕಾಣ್ಲಿಲ್ಲ ಅಂತವಾ?’ ಪ್ರಕರಣದ ಜೀವ ಈ ಪ್ರಶ್ನೆಯಲ್ಲೇ ಇದೆ. ಹಲಗೆಯ ಮೇಲೆ ಲೆಕ್ಕ ಮಾಡಿಯೇ ನೋಡಿದೆವು.

ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ ಅಗಲದ, ಆಲಿವಿನ್ ಎಂಬ ಖನಿಜದ ಕಣ ಎಂದು ಇಟ್ಟುಕೊಳ್ಳಿ. ತೂಕ ಸುಮಾರು 0.2 ಮೈಕ್ರೋಗ್ರಾಂ, ಅಂದರೆ ಗ್ರಾಮಿನ 50 ಲಕ್ಷದಲ್ಲಿ ಒಂದು ಪಾಲು. ಅದರಲ್ಲಿರುವ ಪರಮಾಣು ಸುಮಾರು 60 ಕೋಟಿ ಕೋಟಿ. ಉಲ್ಕಾಶಿಲೆಗಳಲ್ಲಿ ನಿಯಾನ್-21 ಹುಟ್ಟುವ ದರವನ್ನು ಇದಕ್ಕೆ ಹಚ್ಚಿದರೆ 10 ಲಕ್ಷ ವರ್ಷಕ್ಕೆ ಹತ್ತಿಪ್ಪತ್ತು ಸಾವಿರ ಪರಮಾಣು ಹುಟ್ಟುತ್ತದೆ. ಅಷ್ಟೇ. ಅದೇ ಕಣದ ಸಿಪ್ಪೆಯಲ್ಲಿ ಸೂರ್ಯ ತಂದಿಟ್ಟ ನಿಯಾನ್-21 ಇದಕ್ಕಿಂತ ಹಲವು ಪಟ್ಟು ಜಾಸ್ತಿ. ಆ ಗದ್ದಲದ ನಡುವೆ ಈ ಸಣ್ಣ ದನಿ ಕೇಳಬೇಕು.

ಹೀಗಾಗಿ ನಾಗಾವೊ ತಂಡ ಹೇಳಿದ್ದು ‘ಇಷ್ಟು ವರ್ಷ’ ಎಂದಲ್ಲ. 80 ಲಕ್ಷ ವರ್ಷಕ್ಕಿಂತ ಕಡಿಮೆ ಎಂದು. ಅದಕ್ಕಿಂತ ಜಾಸ್ತಿ ಕಾಲ ಕಾಸ್ಮಿಕ್ ಕಿರಣ ತಿಂದಿದ್ದರೆ ಹೆಚ್ಚುವರಿ ನಿಯಾನ್-21 ಅಳತೆಯ ತಪ್ಪು-ಒಪ್ಪಿನ ಗೆರೆ ದಾಟಿ ಮೇಲೆ ಕಾಣಬೇಕಿತ್ತು. ಕಾಣಲಿಲ್ಲ. ಆದ್ದರಿಂದ 80 ಲಕ್ಷ ಎಂಬುದು ವಯಸ್ಸಲ್ಲ, ಮಿತಿ. ನಿಜವಾದ ಕಾಲ 50 ಲಕ್ಷ ಇರಬಹುದು, 10 ಲಕ್ಷವೂ ಇರಬಹುದು. ಸುದ್ದಿ ಬರೆಯುವವರು ‘80 ಲಕ್ಷ ವರ್ಷ ಹಳೆಯ ಧೂಳು’ ಎಂದು ಬರೆದುಬಿಟ್ಟರೆ ಅದು ಪೂರ್ತಿ ಬೇರೆ ಮಾತಾಗುತ್ತದೆ.

ಕೃಷಿಕರ ಪ್ರಶ್ನೆಗೆ ಉತ್ತರ: ಮಿಷನಿಗೆ ಕಾಣಲಿಲ್ಲ, ಆದರೆ ಎಷ್ಟಿದ್ದರೆ ಕಾಣುತ್ತಿತ್ತು ಎಂಬುದು ಗೊತ್ತು. ಎರಡನೆಯದು ಗೊತ್ತಿಲ್ಲದಿದ್ದರೆ ಮೊದಲನೆಯದಕ್ಕೆ ಬೆಲೆಯೇ ಇಲ್ಲ.

ಕಡಿಮೆ ಎಂದು ಹೇಳುವುದು ಯಾವುದಕ್ಕೆ ಹೋಲಿಸಿ? ಚಂದ್ರನ ಮಣ್ಣಿಗೆ. ಅಪೋಲೋ ಯಾತ್ರಿಗಳು ತಂದ ಮಣ್ಣಿನ ಕಣಗಳು ಹತ್ತಾರು ಕೋಟಿ ವರ್ಷ ಕಾಸ್ಮಿಕ್ ಕಿರಣ ತಿಂದಿವೆ. ಅಲ್ಲೂ ಉಲ್ಕೆ ಬಡಿಯುತ್ತದೆ, ಮಣ್ಣು ಮಗುಚುತ್ತದೆ. ಆದರೆ ಚಿಮ್ಮಿದ್ದು ವಾಪಸು ಅಲ್ಲೇ ಬೀಳುತ್ತದೆ. ಅದೇ ಮಣ್ಣು ಮತ್ತೆ ಮತ್ತೆ ಮೇಲೆ ಕೆಳಗೆ ಆಗುತ್ತಾ ನಿಯಾನ್ ಕೂಡಿಹಾಕುತ್ತದೆ. ಇಟೊಕಾವಾದಲ್ಲಿ ಕೂಡಿಹಾಕಿದ ಲಕ್ಷಣ ಇಲ್ಲ. ಅದರ ಸೆಳೆತದಿಂದ ತಪ್ಪಿಸಿಕೊಳ್ಳಲು ಸೆಕೆಂಡಿಗೆ ಹತ್ತಿಪ್ಪತ್ತು ಸೆಂಟಿಮೀಟರ್ ವೇಗ ಸಾಕು. ಮೆಲ್ಲಗೆ ಎಸೆದ ಕಲ್ಲೂ ಹಿಂದೆ ಬರುವುದಿಲ್ಲ. ಆದ್ದರಿಂದ ಚಿಮ್ಮಿದ್ದು ಹೋಗಿಯೇಬಿಡುತ್ತದೆ, ಅಡಿಯಿಂದ ಹೊಸದು ಮೇಲೆ ಬರುತ್ತದೆ ಎಂಬುದು ತಂಡದ ವಾದ. ಕಿರಣ ನುಗ್ಗುವ ಆಳ ಮೀಟರಿನ ಲೆಕ್ಕದ್ದು, ಕಾಲದ ಮಿತಿ 80 ಲಕ್ಷ ವರ್ಷ. ಭಾಗಿಸಿದರೆ 10 ಲಕ್ಷ ವರ್ಷಕ್ಕೆ ಹತ್ತಾರು ಸೆಂಟಿಮೀಟರ್ ಎಂಬ ಸವೆತದ ದರ ಬರುತ್ತದೆ. ಮೂರು ಕಣದಿಂದ ಇಡೀ ಕ್ಷುದ್ರಗ್ರಹಕ್ಕೆ ಹಾರಿದ್ದು ಈ ಒಂದು ಭಾಗಾಕಾರದಲ್ಲಿ.

ಬೇರೆ ದಾರಿ ಇಲ್ಲವೇ?

ಎರಡು ಆಕ್ಷೇಪ ಬಂತು, ಎರಡೂ ಗಟ್ಟಿ.

ಮೊದಲನೆಯದು: ಈ ಕಣಗಳು ಇತ್ತೀಚೆಗೆ ಯಾವುದೋ ಬಂಡೆಯಿಂದ ಉದುರಿರಬಹುದಲ್ಲ? ಇಟೊಕಾವಾ ಸುಮಾರು 12 ಗಂಟೆಗೆ ಒಮ್ಮೆ ಸುತ್ತುತ್ತದೆ. ಪ್ರತಿ ಸುತ್ತಿಗೂ ಬಂಡೆ ಕಾದು ತಣಿಯುತ್ತದೆ, ಬಿರುಕು ಬಿಟ್ಟು ಉದುರುತ್ತದೆ. ಉದುರಿದ ಧೂಳು ಹೊಸದೇ. ಕೇಳಲು ಸರಿಯಾಗಿದೆ, ಆದರೆ ಸೌರಗಾಳಿಯ ಗಡಿಯಾರಕ್ಕೆ ಮಾತ್ರ ಇದು ಅನ್ವಯ. ಕಾಸ್ಮಿಕ್ ಕಿರಣಕ್ಕೆ ಬಂಡೆ ಒಡೆದಿದೆಯೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ಬಂಡೆಯ ಹೊರಮೈಯಿಂದ ಅರ್ಧ ಮೀಟರ್ ಒಳಗಿದ್ದಾಗಲೂ ಆ ಕಣದಲ್ಲಿ ನಿಯಾನ್-21 ಹುಟ್ಟುತ್ತಲೇ ಇರುತ್ತದೆ. ಒಡೆದ ಕೂಡಲೇ ಗಡಿಯಾರ ಸೊನ್ನೆಗೆ ಬರುವುದಿಲ್ಲ. 80 ಲಕ್ಷದ ಮಿತಿಯಲ್ಲಿ ಬಂಡೆಯೊಳಗೆ ಕಳೆದ ಕಾಲವೂ ಸೇರಿದೆ. ಹಾಗಾಗಿ ಕಣ ಬಂದದ್ದು ಒಂದು ಮೀಟರಿಗಿಂತ ಆಳದಿಂದಲೇ, ಅದು ನೆಲದ ಆಳವಿರಲಿ, ದೊಡ್ಡ ಬಂಡೆಯ ಹೊಟ್ಟೆಯಿರಲಿ.

ಎರಡನೆಯ ಆಕ್ಷೇಪ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಹಳೆಯ ಧೂಳು ಬಾಹ್ಯಾಕಾಶಕ್ಕೇ ಹೋಗಿದೆ ಎಂದು ಹೇಗೆ ಹೇಳುತ್ತೀರಿ? ಅಡಿಯಲ್ಲಿ ಹೂತುಹೋಗಿರಬಹುದಲ್ಲ? ಮ್ಯೂಸಸ್ ಸಮುದ್ರ ಇಟೊಕಾವಾದ ತಗ್ಗು ಜಾಗ. ಅದುರಿದಾಗಲೆಲ್ಲ ಎತ್ತರದ ಕಡೆಯಿಂದ ಸಣ್ಣ ಜಲ್ಲಿ ಸರಿದು ಅಲ್ಲಿಗೆ ಬಂದು ಸೇರುತ್ತದೆ ಎಂಬುದು ಚಿತ್ರಗಳಲ್ಲೇ ಕಾಣುತ್ತದೆ. ಹೊಸದು ಬಂದು ಹಳೆಯದನ್ನು ಮುಚ್ಚಿದ್ದರೆ, ಮೇಲಿಂದ ಎತ್ತಿದ ಧೂಳು ಹೊಸದಾಗಿಯೇ ಇರುತ್ತದೆ. ಗುಂಡು ಹಾರಿದ್ದರೆ ಸ್ವಲ್ಪ ಅಡಿಯದ್ದೂ ಬರುತ್ತಿತ್ತೇನೋ. ಹಾರಲಿಲ್ಲ. ಮೂರು ಕಣ, ಒಂದೇ ಬಯಲು, ತೀರಾ ಮೇಲ್ಪದರ. ಇಷ್ಟರಿಂದ ಹೋಯಿತೋ ಹೂತಿತೋ ಎಂದು ಬೇರ್ಪಡಿಸಲು ನನ್ನ ಮಟ್ಟಿಗೆ ಆಗುವುದಿಲ್ಲ. ಮೇಲ್ಮೈ ಎಳೆಯದು ಎಂಬುದು ಅಳತೆ. ಅದು ಸವೆದು ಹೋಗುತ್ತಿದೆ ಎಂಬುದು ಆ ಅಳತೆಗೆ ಕೊಟ್ಟ ಒಂದು ಅರ್ಥ. ಒಳ್ಳೆಯ ಅರ್ಥವೇ, ಆದರೆ ಒಂದೇ ಅರ್ಥ ಅಲ್ಲ.

420 ಕೋಟಿ ವರ್ಷದ ತೊಡಕು

2023ರಲ್ಲಿ ಪ್ರಕರಣಕ್ಕೆ ಹೊಸ ತಿರುವು ಬಂತು. ಆಸ್ಟ್ರೇಲಿಯಾದ ಕರ್ಟಿನ್ ವಿಶ್ವವಿದ್ಯಾಲಯದ ಫ್ರೆಡ್ ಜೂರ್ಡಾನ್ ಮತ್ತು ಸಂಗಡಿಗರು ಇಟೊಕಾವಾದ ಬೇರೆ ಮೂರು ಕಣ ತೆಗೆದುಕೊಂಡು ಬೇರೆಯೇ ಗಡಿಯಾರ ಓದಿದರು. ಕಲ್ಲಿನಲ್ಲಿರುವ ಪೊಟ್ಯಾಸಿಯಂ-40 ನಿಧಾನವಾಗಿ ಕ್ಷಯಿಸುತ್ತದೆ, ಅದರ ಒಂದು ಪಾಲು ಆರ್ಗಾನ್-40 ಆಗುತ್ತದೆ. ಪೊಟ್ಯಾಸಿಯಂ-40 ಅರ್ಧಕ್ಕೆ ಇಳಿಯಲು 125 ಕೋಟಿ ವರ್ಷ ಬೇಕು. ದೊಡ್ಡ ಡಿಕ್ಕಿಯಲ್ಲಿ ಕಲ್ಲು ಕಾದರೆ ಸೇರಿದ್ದ ಆರ್ಗಾನ್ ಹೊರಗೆ ಹೋಗಿ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. ಅವರಿಗೆ ಸಿಕ್ಕಿದ ಉತ್ತರ: ಇಟೊಕಾವಾದ ಮೂಲ ಬಂಡೆ ಒಡೆದು, ಚೂರುಗಳು ಮತ್ತೆ ರಾಶಿಯಾಗಿ ಕೂಡಿದ್ದು 420 ಕೋಟಿ ವರ್ಷಕ್ಕೂ ಹಿಂದೆ. ಸೌರವ್ಯೂಹದ ವಯಸ್ಸೇ 460 ಕೋಟಿಯ ಹತ್ತಿರ. ಕಲ್ಲಿನ ರಾಶಿ ಏಟನ್ನು ನುಂಗಿಕೊಳ್ಳುತ್ತದೆ, ಹಾಗಾಗಿ ಗಟ್ಟಿ ಬಂಡೆಗಿಂತ ಎಷ್ಟೋ ಪಟ್ಟು ಬಾಳುತ್ತದೆ ಎಂದು ಅವರ ವಾದ. ಇಟೊಕಾವಾದ ಹೊಟ್ಟೆಯಲ್ಲಿ ನೂರಕ್ಕೆ 40ರಷ್ಟು ಖಾಲಿ ಜಾಗ ಎಂಬುದು ಹಯಬುಸಾ ಕಾಲದಿಂದಲೇ ಗೊತ್ತಿತ್ತು.

ಒಂದು ಕಡೆ ಬೇಗ ಸವೆದು ಹೋಗಬೇಕಾದದ್ದು, ಇನ್ನೊಂದು ಕಡೆ 420 ಕೋಟಿ ವರ್ಷ ಗಟ್ಟಿಯಾಗಿ ಕೂತದ್ದು. ಯಾರೋ ಒಬ್ಬರದ್ದು ತಪ್ಪಿರಬೇಕು ಅಲ್ವಾ? ಹುಡುಗರು ಕೂಡಲೇ ಎರಡು ಪಕ್ಷವಾದರು.

ನಾನು ಹೇಳಿದ್ದು ಲೆಕ್ಕ ಮಾಡಿ ಎಂದು. ಇಟೊಕಾವಾ 535 ಮೀಟರ್ ಉದ್ದ, 294 ಅಗಲ, 209 ದಪ್ಪ. ದಪ್ಪದ ಅರ್ಧ 100 ಮೀಟರ್ ಹತ್ತಿರ. 10 ಲಕ್ಷ ವರ್ಷಕ್ಕೆ 20 ಸೆಂಟಿಮೀಟರ್ ಹೋದರೆ 50 ಕೋಟಿ ವರ್ಷದಲ್ಲಿ ಮುಗಿಯಬೇಕು. ಇದೇ ದರ ಹಿಂದಿನಿಂದಲೂ ಇದ್ದಿದ್ದರೆ 420 ಕೋಟಿ ವರ್ಷದಲ್ಲಿ 840 ಮೀಟರ್ ಹೋಗಿರಬೇಕು, ಎಲ್ಲ ದಿಕ್ಕಿನಿಂದಲೂ. ಅಂದರೆ ಶುರುವಿನಲ್ಲಿ ಅದು ಈಗಿನದ್ದಕ್ಕಿಂತ ಬಹಳ ದೊಡ್ಡ ರಾಶಿ ಆಗಿರಬೇಕು. ಆಗದ ಮಾತಲ್ಲ, ಆದರೆ ಒಪ್ಪಲು ಸ್ವಲ್ಪ ಕಷ್ಟ.

ಇದಕ್ಕಿಂತ ಸುಲಭದ ವಿವರಣೆ ಇದೆ. ದರ ಬದಲಾಗಿರಬಹುದು. 80 ಲಕ್ಷ ವರ್ಷದ ಗಡಿಯಾರ ಹೇಳುವುದು ತೀರಾ ಇತ್ತೀಚಿನ ಸುದ್ದಿ. 420 ಕೋಟಿಯಲ್ಲಿ ಅದು ಐನೂರರಲ್ಲಿ ಒಂದು ಪಾಲೂ ಅಲ್ಲ. ಇಟೊಕಾವಾ ಈಗ ಭೂಮಿಯ ಕಕ್ಷೆಯನ್ನು ದಾಟುವ ಕ್ಷುದ್ರಗ್ರಹ. ಇಂಥವು ಹುಟ್ಟಿನಿಂದ ಇಲ್ಲಿ ಇರುವುದಿಲ್ಲ, ಮಂಗಳ ಮತ್ತು ಗುರುವಿನ ನಡುವಿನ ಪಟ್ಟಿಯಿಂದ ಸರಿದು ಬರುತ್ತವೆ. ಬಂದ ಮೇಲೆ ಹೆಚ್ಚು ಕಾಲ ಉಳಿಯುವುದೂ ಇಲ್ಲ. ಸಾಮಾನ್ಯವಾಗಿ ಒಂದು ಕೋಟಿ ವರ್ಷದ ಆಸುಪಾಸಿನಲ್ಲಿ ಸೂರ್ಯನಿಗೋ ಗ್ರಹಕ್ಕೋ ಬೀಳುತ್ತವೆ, ಇಲ್ಲವೇ ಹೊರಗೆ ಎಸೆಯಲ್ಪಡುತ್ತವೆ. ಹೊಸ ಕಕ್ಷೆಯಲ್ಲಿ ಬಿಸಿಲು ಜಾಸ್ತಿ, ಗ್ರಹಗಳ ಹತ್ತಿರ ಹಾದುಹೋಗುವ ಸಂದರ್ಭ ಜಾಸ್ತಿ, ಅದುರಾಟವೂ ಜಾಸ್ತಿ ಇರಬಹುದು. ಮೇಲ್ಮೈ ಎಳೆಯದಾಗಲು ಇಷ್ಟು ಸಾಕು.

ಆಗ ‘ಸವೆದು ಮುಗಿಯುತ್ತದೆ’ ಎಂಬ ಮಾತಿಗೂ ದಮ್ಮು ಉಳಿಯುವುದಿಲ್ಲ. ಒಂದು ಕೋಟಿ ವರ್ಷದಲ್ಲಿ ಹೋಗುವುದು ಎರಡು ಮೂರು ಮೀಟರ್. 50 ಕೋಟಿ ವರ್ಷ ಸವೆಯುತ್ತಾ ಕೂರಲು ಇಟೊಕಾವಾ ಈ ಕಕ್ಷೆಯಲ್ಲಿ ಇರುವುದೇ ಇಲ್ಲ. ನಾಗಾವೊ ತಂಡದ ಅಳತೆಯನ್ನು ನಾನು ಪೂರ್ತಿ ನಂಬುತ್ತೇನೆ, ಸವೆತದ ದರವನ್ನು ಅರೆಮನಸ್ಸಿನಿಂದ ಒಪ್ಪುತ್ತೇನೆ, ಆಯುಸ್ಸಿನ ಮಾತನ್ನು ಬರೀ ಅಂಕಗಣಿತ ಎಂದು ಪಕ್ಕಕ್ಕಿಡುತ್ತೇನೆ. ಕೂಟದಲ್ಲಿ ಇದನ್ನು ಒಪ್ಪದವರೂ ಇದ್ದಾರೆ. ಅವರ ಪ್ರಕಾರ ಪ್ರಬಂಧ ಬರೆದವರು ಆಯುಸ್ಸು ಕಡಿಮೆ ಎಂದಷ್ಟೇ ಹೇಳಿದ್ದಾರೆ, ದಿನಾಂಕ ಕೊಟ್ಟಿಲ್ಲ, ಹಾಗಾಗಿ ಇಷ್ಟು ಕಟುವಾಗಬೇಕಿಲ್ಲ. ಅದೂ ನ್ಯಾಯವೇ.

ರ್ಯೂಗು ಸೇರಿಸಿದ ಸಾಕ್ಷಿ

ಒಂದೇ ಕ್ಷುದ್ರಗ್ರಹ ನೋಡಿದರೆ ಈ ಜಗಳ ಬಗೆಹರಿಯುವುದಿಲ್ಲ. ಎರಡನೆಯದು ಬೇಕು. ಹಯಬುಸಾ-2 ನೌಕೆ 2020ರ ಡಿಸೆಂಬರಿನಲ್ಲಿ ರ್ಯೂಗು ಎಂಬ ಕ್ಷುದ್ರಗ್ರಹದಿಂದ 5.4 ಗ್ರಾಂ ತಂದಿತು. ಮೈಕ್ರೋಗ್ರಾಮಿನಿಂದ ಗ್ರಾಮಿಗೆ ಬಂದದ್ದು ಸಣ್ಣ ಬದಲಾವಣೆ ಅಲ್ಲ. ದೊಡ್ಡ ಕಣ ಸಿಕ್ಕಿದರೆ ಸಿಪ್ಪೆಯ ಸೌರ ಅನಿಲದ ಪಾಲು ಕಮ್ಮಿಯಾಗುತ್ತದೆ, ಒಳಗಿನ ನಿಯಾನ್-21 ಕಾಣುತ್ತದೆ. ನೌಕೆ ಈ ಸಲ 2019ರ ಏಪ್ರಿಲಿನಲ್ಲಿ ತಾಮ್ರದ ಗುಂಡು ಹೊಡೆದು ಹದಿನಾಲ್ಕು ಮೀಟರಿಗಿಂತ ಅಗಲದ ಕುಳಿ ಮಾಡಿ, ಜುಲೈಯಲ್ಲಿ ಅದರ ಪಕ್ಕದಲ್ಲೇ ಇಳಿದು ಎರಡನೇ ಮಾದರಿ ಎತ್ತಿತು. ಇಟೊಕಾವಾದಲ್ಲಿ ಹಾರದ ಗುಂಡಿನ ಕೊರತೆ ಇಲ್ಲಿ ತೀರಿತು.

2022ರಲ್ಲಿ ಬಂದ ಫಲಿತಾಂಶದಲ್ಲಿ ಮಿತಿ ಅಲ್ಲ, ಸಂಖ್ಯೆಯೇ ಇತ್ತು. ರ್ಯೂಗುವಿನ ಕಣಗಳು ಕಾಸ್ಮಿಕ್ ಕಿರಣ ತಿಂದ ಕಾಲ ಸುಮಾರು 50 ಲಕ್ಷ ವರ್ಷ. ಅದು ಈಗಿನ ಕಕ್ಷೆಗೆ ಬಂದ ನಂತರದ ಕಥೆ ಎಂದು ಆ ತಂಡವೇ ಓದಿತು.

ರ್ಯೂಗು ಮತ್ತು ಇಟೊಕಾವಾ ಒಂದೇ ಜಾತಿಯವಲ್ಲ. ಇಟೊಕಾವಾದ ಕಲ್ಲು ಒಮ್ಮೆ ಸುಮಾರು 800 ಡಿಗ್ರಿ ತನಕ ಕಾದು ಗಟ್ಟಿಯಾದದ್ದು. ರ್ಯೂಗು ನೀರು ಹಿಡಿದ ಮಣ್ಣಿನಂಥ ಖನಿಜ ಮತ್ತು ಇಂಗಾಲ ತುಂಬಿದ ಮೆದು ಕಲ್ಲು, ಅಗಲ ಸುಮಾರು 900 ಮೀಟರ್. ಉಲ್ಕೆಯ ಏಟಿಗೆ ಎರಡೂ ಒಂದೇ ವೇಗದಲ್ಲಿ ಸವೆಯಬೇಕೆಂದಿಲ್ಲ. ಆದರೂ ಇಟೊಕಾವಾದ 80 ಲಕ್ಷದ ಮಿತಿಯೊಳಗೇ ರ್ಯೂಗುವಿನ 50 ಲಕ್ಷವೂ ಕೂರುತ್ತದೆ. ಎರಡಕ್ಕೂ ಸಾಮಾನ್ಯವಾಗಿರುವುದು ಭೂಮಿಯ ನೆರೆಗೆ ಸರಿದು ಬಂದ ಕಕ್ಷೆ. ಸವೆತಕ್ಕಿಂತ ಈ ವಲಸೆಯ ಕಡೆ ನನ್ನ ತಕ್ಕಡಿ ವಾಲುವುದು ಇದರಿಂದಲೇ. ಹೋಯಿತೋ ಹೂತಿತೋ ಎಂಬ ಎರಡನೇ ಆಕ್ಷೇಪ ಮಾತ್ರ ಇಟೊಕಾವಾದ ಮಟ್ಟಿಗೆ ಹಾಗೇ ನಿಂತಿದೆ. ಅದಕ್ಕೆ ಮ್ಯೂಸಸ್ ಸಮುದ್ರದ ಎರಡು ಮೂರು ಮೀಟರ್ ಅಡಿಯ ಜಲ್ಲಿಯೇ ಬೇಕು.